ಒಂದೇ ಸಲಕ್ಕೆ ಇಡೀ ವಿಯೆಟ್ನಾಂ ನೋಡಬೇಡಿ

ಮೊದಲು ಒಂದು ಪ್ರಶ್ನೆ. ಇಲ್ಲಿ ಕೂತಿರುವವರಲ್ಲಿ ಕಳೆದ ಎರಡು ವರ್ಷದಲ್ಲಿ ವಿಯೆಟ್ನಾಂಗೆ ಹೋಗಿಬಂದವರು, ಅಥವಾ ಮನೆಯಲ್ಲಿ ಯಾರಾದರೂ ಹೋಗಿಬಂದಿದ್ದರೆ, ಕೈ ಎತ್ತಿ. ನೋಡಿ, ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರು. ಹತ್ತು ವರ್ಷದ ಹಿಂದೆ ಇದೇ ಹಾಲ್‌ನಲ್ಲಿ ಕೇಳಿದ್ದರೆ ಒಂದು ಕೈಯೂ ಏಳುತ್ತಿರಲಿಲ್ಲ. ಆಗ ಸಕಲೇಶಪುರದ ಕಡೆ ವಿಯೆಟ್ನಾಂ ಅಂದರೆ ಎರಡೇ ವಿಷಯ ಗೊತ್ತಿದ್ದದ್ದು. ಒಂದು, ಅಮೆರಿಕದ ಜೊತೆ ಆದ ಯುದ್ಧ. ಇನ್ನೊಂದು, ನಮ್ಮ ಕಾಳುಮೆಣಸಿನ ರೇಟು ಬೀಳಿಸುವ ದೇಶ.

ಮೆಣಸಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಲೆಕ್ಕ ನೋಡೋಣ. 2019ರಲ್ಲಿ ವಿಯೆಟ್ನಾಂಗೆ ಹೋದ ಭಾರತೀಯರು ಸುಮಾರು 1 ಲಕ್ಷ 70 ಸಾವಿರ. 2024ರಲ್ಲಿ 5 ಲಕ್ಷ. ಐದೇ ವರ್ಷ, ಅದರಲ್ಲೂ ಎರಡು ವರ್ಷ ಕೋವಿಡ್‌ನಲ್ಲಿ ಹೋಯಿತು. ಎಲ್ಲ ದೇಶದವರನ್ನೂ ಸೇರಿಸಿದರೆ 2019ರಲ್ಲಿ 1 ಕೋಟಿ 80 ಲಕ್ಷ ಜನ ಹೋಗಿದ್ದರು, 2024ರಲ್ಲಿ ಹೆಚ್ಚುಕಡಿಮೆ ಅಲ್ಲಿಗೇ ಬಂದು ಮುಟ್ಟಿತು, 2025ರಲ್ಲಿ 2 ಕೋಟಿ ದಾಟಿತು. ಅಂದರೆ ಬೇರೆಯವರು ಹಳೇ ಸಂಖ್ಯೆಗೆ ವಾಪಸ್ ಬರುವಷ್ಟರಲ್ಲಿ ನಾವು ಮೂರು ಪಟ್ಟು ಆಗಿಬಿಟ್ಟಿದ್ದೆವು.

ಕಾರಣ ತುಂಬಾ ಗುಟ್ಟಿನದೇನಲ್ಲ. 2023ರ ಆಗಸ್ಟ್ 15ರಿಂದ ಎಲ್ಲ ದೇಶದವರಿಗೂ ಇ-ವೀಸಾ ಕೊಟ್ಟರು, 90 ದಿನದ್ದು. ಒಂದು ಸಲ ಹೋಗಿಬರಲು 25 ಡಾಲರ್, ಹಲವು ಸಲಕ್ಕೆ 50. 2025ರಲ್ಲಿ ಬೆಂಗಳೂರಿನಿಂದ ನೇರ ವಿಮಾನವೂ ಶುರುವಾಯಿತು, ಐದು ಗಂಟೆಯೊಳಗೆ ಅಲ್ಲಿರುತ್ತೀರಿ. ನಮ್ಮೂರಿನಿಂದ ಬೆಂಗಳೂರು ಏರ್‌ಪೋರ್ಟ್ ಮುಟ್ಟುವುದಕ್ಕೂ ಅಷ್ಟೇ ಹೊತ್ತು ಬೇಕಲ್ವಾ. ಇದರ ಮೇಲೆ ರೀಲ್ಸ್, ಮದುವೆ ಪಾರ್ಟಿ, ಕಂಪನಿ ಟೂರು. 2024ರಲ್ಲಿ ನಮ್ಮ ದೇಶದ ಒಂದು ಔಷಧ ಕಂಪನಿ 4,500 ನೌಕರರನ್ನು ಬ್ಯಾಚು ಮಾಡಿ ಅಲ್ಲಿಗೆ ಕರೆದುಕೊಂಡು ಹೋಯಿತು.

ಜನ ಹೋಗುತ್ತಿರುವುದು ನನಗೆ ಸಂತೋಷವೇ. ಬೇಜಾರಿರುವುದು ಹೋಗುವ ರೀತಿಯ ಬಗ್ಗೆ. ಮೊದಲ ಸಲ ನಾನೂ ಹಾಗೇ ಹೋಗಿದ್ದು. ಆರು ರಾತ್ರಿ, ಏಳು ಹಗಲು. ಹನೋಯ್, ಹಾ ಲಾಂಗ್ ಕೊಲ್ಲಿ, ಡಾ ನಾಂಗ್, ಸೈಗಾನ್, ಅಂದರೆ ಈಗಿನ ಹೋ ಚಿ ಮಿನ್ ಸಿಟಿ. ಏಳು ದಿನದಲ್ಲಿ ಒಳಗಿನ ವಿಮಾನ ಎರಡು, ಹೋಟೆಲ್ ನಾಲ್ಕು, ದಿನಾ ಬೆಳಗ್ಗೆ ಐದೂವರೆಗೆ ಬ್ಯಾಗ್ ಲಾಬಿಯಲ್ಲಿ ಇಡಬೇಕು. ವಾಪಸ್ ಬಂದಮೇಲೆ ಫೋಟೋ ನೋಡಿದರೆ ಯಾವುದು ಯಾವ ಊರು ಅಂತ ನಮ್ಮ ಮನೆಯವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಅದಕ್ಕೇ ಇನ್ನೂ ಎರಡು ಸಲ ಹೋದೆ, ನಾವೇ ಟಿಕೆಟ್ ಮಾಡಿಕೊಂಡು, ಒಂದೊಂದು ಸಲಕ್ಕೆ ಒಂದೊಂದು ಭಾಗ ಮಾತ್ರ. ಇವತ್ತು ಹೇಳಬೇಕು ಅಂತ ಬಂದಿರುವುದು ಇಷ್ಟನ್ನೇ. ಇಡೀ ದೇಶವನ್ನು ಒಂದೇ ಸಲಕ್ಕೆ ನೋಡಲು ಹೋಗಬೇಡಿ. ನಿಮ್ಮ ರಜೆ ಯಾವ ತಿಂಗಳಲ್ಲಿ ಬರುತ್ತೆ ನೋಡಿ, ಆ ತಿಂಗಳಿಗೆ ಒಪ್ಪುವ ಒಂದು ಭಾಗ ಹಿಡಿಯಿರಿ.

ಯಾಕೆ ಅಂದರೆ, ದೇಶ ತುಂಬಾ ಉದ್ದ. ಉತ್ತರದ ಹನೋಯ್‌ನಿಂದ ದಕ್ಷಿಣದ ಸೈಗಾನ್‌ಗೆ ರೈಲು ದಾರಿ 1,726 ಕಿಲೋಮೀಟರ್, ಒಂದೂವರೆ ದಿನದ ಪ್ರಯಾಣ. ಅಗಲ ಮಾತ್ರ ಮಧ್ಯದಲ್ಲಿ ಒಂದು ಕಡೆ 50 ಕಿಲೋಮೀಟರಿನಷ್ಟೇ ಇದೆ, ಹಾಸನದಿಂದ ಇಲ್ಲಿಗೆ ಬರುವುದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಇಷ್ಟು ಉದ್ದ ಇರುವುದರಿಂದ ಮೂರು ಥರದ ಹವಾಮಾನ. ಡಿಸೆಂಬರ್, ಜನವರಿಯಲ್ಲಿ ಹನೋಯ್‌ನಲ್ಲಿ ಸ್ವೆಟರ್ ಬೇಕು, ಮಂಜು, ಜಿಟಿಜಿಟಿ. ಅದೇ ದಿನ ಸೈಗಾನ್‌ನಲ್ಲಿ ಬೆವರು ಸುರಿಯುತ್ತಿರುತ್ತೆ, ಆಕಾಶ ನಿಚ್ಚಳ.

ಇನ್ನು ಮಧ್ಯ ಭಾಗ, ಅಂದರೆ ಹುಯೆ, ಡಾ ನಾಂಗ್, ಹೋಯ್ ಆನ್. ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ, ಯಾಕೆಂದರೆ ನಮ್ಮವರು ತಪ್ಪು ಮಾಡುವುದು ಇಲ್ಲೇ. ನಮಗೆ ಮಳೆ ಜೂನ್‌ನಿಂದ ಸೆಪ್ಟೆಂಬರ್. ದಸರಾ, ದೀಪಾವಳಿ ಹೊತ್ತಿಗೆ ಮಳೆ ಬಿಟ್ಟಿರುತ್ತೆ, ಮಕ್ಕಳಿಗೆ ರಜೆ, ಹೊರಡೋಣ ಅಂತೀವಿ. ಅಲ್ಲಿ ಜೋರು ಮಳೆ ಹಿಡಿಯುವುದೇ ಆಗ. ಅಕ್ಟೋಬರ್, ನವೆಂಬರ್‌ನಲ್ಲಿ ಹೋಯ್ ಆನ್ ಪೇಟೆಬೀದಿಯಲ್ಲಿ ದೋಣಿ ಓಡಾಡುವುದು ಅಲ್ಲಿಯವರಿಗೆ ಹೊಸದಲ್ಲ. 2025ರ ಅಕ್ಟೋಬರ್ ಕೊನೆಯಲ್ಲಂತೂ ಹುಯೆ, ಹೋಯ್ ಆನ್ ಎರಡೂ ಮುಳುಗಿದವು. ಅಲ್ಲೇ ಪಕ್ಕದ ಬಾಕ್ ಮಾ ಅನ್ನುವ ಬೆಟ್ಟದ ಮೇಲೆ 24 ಗಂಟೆಯಲ್ಲಿ 1,700 ಮಿಲಿಮೀಟರ್ ಮೀರಿ ಮಳೆ ಬಿತ್ತು. ನಮ್ಮ ಲೆಕ್ಕದಲ್ಲಿ ಹೇಳಬೇಕು ಅಂದರೆ 67 ಇಂಚು. ಒಂದೇ ದಿನಕ್ಕೆ! ಇಲ್ಲಿ ತೋಟದ ಮನೆಯಲ್ಲಿ ಮಳೆ ಅಳೆದು ಡೈರಿಯಲ್ಲಿ ಬರೆದಿಡುವವರು ಎಷ್ಟೋ ಜನ ಇದ್ದೀರಿ, ನಿಮಗೆ ಆ ಸಂಖ್ಯೆಯ ಅರ್ಥ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಮಧ್ಯ ಭಾಗಕ್ಕೆ ಹೋಗುವುದಾದರೆ ಫೆಬ್ರವರಿಯಿಂದ ಮೇ ಒಳಗೆ ಹೋಗಿ. ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆ ಬಿಟ್ಟ ತಕ್ಷಣ ಹೊರಟರೆ ತುಂಬಾ ಒಳ್ಳೆಯದು. ದಕ್ಷಿಣಕ್ಕೆ ಡಿಸೆಂಬರ್‌ನಿಂದ ಏಪ್ರಿಲ್. ಉತ್ತರಕ್ಕೆ ಮಾರ್ಚ್, ಏಪ್ರಿಲ್, ಇಲ್ಲವೇ ಅಕ್ಟೋಬರ್, ನವೆಂಬರ್. ದಸರಾ ರಜೆಯಲ್ಲೇ ಹೋಗಬೇಕು ಅನ್ನುವವರು ಹನೋಯ್ ಕಡೆ ಹೋಗಿ, ಹೋಯ್ ಆನ್ ಬಿಡಿ.

ಹಾ ಲಾಂಗ್ ಬಗ್ಗೆ ಒಂದು ಮಾತು. ಜುಲೈ, ಆಗಸ್ಟ್, ಸೆಪ್ಟೆಂಬರ್ ಅಲ್ಲಿ ಚಂಡಮಾರುತದ ಕಾಲ. 2025ರ ಜುಲೈನಲ್ಲಿ ಇದ್ದಕ್ಕಿದ್ದ ಹಾಗೆ ಎದ್ದ ಬಿರುಗಾಳಿಗೆ ಪ್ರವಾಸಿಗರ ದೋಣಿ ಮಗುಚಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಹವಾಮಾನ ಸರಿಯಿಲ್ಲ ಅಂತ ದೋಣಿ ಬಿಡದಿದ್ದರೆ ದಯವಿಟ್ಟು ಜಗಳ ಮಾಡಬೇಡಿ. ದುಡ್ಡು ಹೋದರೆ ಹೋಗಲಿ.

ಫೆಬ್ರವರಿ ಅಂದೆನಲ್ಲ, ಅದಕ್ಕೊಂದು ಎಚ್ಚರಿಕೆ. ಅಲ್ಲಿಯ ಹೊಸ ವರ್ಷ, ಟೆಟ್ ಅಂತಾರೆ, ಚಾಂದ್ರಮಾನದ ಪ್ರಕಾರ ಜನವರಿ 21ರಿಂದ ಫೆಬ್ರವರಿ 20ರೊಳಗೆ ಬರುತ್ತೆ. ನಮ್ಮ ಯುಗಾದಿ ಥರ ಒಂದು ದಿನದ ಹಬ್ಬ ಅಲ್ಲ. ಒಂದು ವಾರ ಊರೆಲ್ಲ ಖಾಲಿ, ಹೋಟೆಲ್, ಅಂಗಡಿ ಮುಚ್ಚಿರುತ್ತೆ, ರೈಲು ಬಸ್ಸು ತುಂಬಿರುತ್ತೆ. ಆ ವಾರ ತಪ್ಪಿಸಿ.

ಈಗ ವೀಸಾ. ಮೊದಲ ಸಲ ನನಗೆ ಇಲ್ಲೇ ಮೋಸ ಆಗಿದ್ದು. ಗೂಗಲ್‌ನಲ್ಲಿ ಹುಡುಕಿದೆ, ಮೇಲೆ ಬಂದದ್ದನ್ನು ಒತ್ತಿದೆ, ನೋಡಲು ಸರ್ಕಾರದ್ದೇ ಥರ ಇತ್ತು. ಇಬ್ಬರಿಗೆ 50 ಡಾಲರ್ ಆಗಬೇಕಾದ ಕಡೆ 180 ಡಾಲರ್ ಕಿತ್ತುಕೊಂಡರು. ಸರ್ಕಾರದ ವಿಳಾಸದ ಕೊನೆಯಲ್ಲಿ ಜಿಒವಿ ಚುಕ್ಕಿ ವಿಎನ್ ಅಂತ ಇರಲೇಬೇಕು. ಅದಿಲ್ಲದಿದ್ದರೆ ಅದು ಮಧ್ಯವರ್ತಿ ಅಂತಲೇ ತಿಳಿಯಿರಿ. ಇನ್ನೊಂದು, ನಮ್ಮ ಕಡೆ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತೆ, ಅಥವಾ ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿರುತ್ತೆ. ಫಾರಂ ತುಂಬುವಾಗ ನಿಮಗೆ ತೋಚಿದ ಹಾಗೆ ಬರೆಯಬೇಡಿ. ಪಾಸ್‌ಪೋರ್ಟಿನ ಫೋಟೋ ಪುಟದ ತಳದಲ್ಲಿ ಬಾಣದ ಗುರುತುಗಳಿರುವ ಎರಡು ಸಾಲು ಇರುತ್ತೆ ನೋಡಿ, ಅಲ್ಲಿ ಹೆಸರು ಯಾವ ಕ್ರಮದಲ್ಲಿದೆಯೋ ಅದೇ ಕ್ರಮದಲ್ಲಿ ತುಂಬಿ. ಹುಟ್ಟಿದ ತಾರೀಕು ಒಂದು ಅಂಕಿ ತಪ್ಪಿದರೂ ಮತ್ತೆ ಅರ್ಜಿ, ಮತ್ತೆ ದುಡ್ಡು. ಯಾವ ಏರ್‌ಪೋರ್ಟಿನಲ್ಲಿ ಇಳಿಯುತ್ತೀರಿ ಅಂತಲೂ ಕೇಳುತ್ತಾರೆ. ಟಿಕೆಟ್ ಯಾವುದಕ್ಕೆ ಮಾಡಿದ್ದೀರೋ ಅದನ್ನೇ ಹಾಕಿ.

ಮ್ಯಾಪ್ ನೋಡಿ ಗಾಬರಿ ಆಗುವವರಿಗೆ ಇದನ್ನೂ ಹೇಳಿಬಿಡುತ್ತೇನೆ. 2025ರ ಜುಲೈ 1ರಂದು ಅಲ್ಲಿ 63 ಪ್ರಾಂತ್ಯ ಇದ್ದದ್ದನ್ನು ಸೇರಿಸಿ 34 ಮಾಡಿದರು. ಹೋಯ್ ಆನ್ ಈಗ ಡಾ ನಾಂಗ್ ಒಳಗೆ ಬಂತು. ಸಮುದ್ರದ ಊರು ವುಂಗ್ ತಾವ್ ಹೋ ಚಿ ಮಿನ್ ಸಿಟಿಗೆ ಸೇರಿತು. ಫು ಕ್ವಾಕ್ ದ್ವೀಪ ಆನ್ ಜ್ಯಾಂಗ್ ಪ್ರಾಂತ್ಯಕ್ಕೆ ಹೋಯಿತು. ಹಳೇ ಗೈಡ್ ಪುಸ್ತಕದ ವಿಳಾಸಕ್ಕೂ ಈಗಿನ ವಿಳಾಸಕ್ಕೂ ತಾಳೆ ಆಗದಿದ್ದರೆ ಕಾರಣ ಇದು. ಊರು ಅಲ್ಲೇ ಇದೆ.

ದುಡ್ಡು. ಸಾವಿರ ಡಾಂಗ್ ಅಂದರೆ ಸುಮಾರು ಮೂರೂವರೆ ರೂಪಾಯಿ. ಒಂದು ಲಕ್ಷದ ನೋಟು ಅಂದರೆ ಮುನ್ನೂರೈವತ್ತರ ಆಸುಪಾಸು. ಸೊನ್ನೆ ಜಾಸ್ತಿ ಇರುವುದರಿಂದ ತಲೆ ಕೆಡುತ್ತೆ, ಅದರಲ್ಲೂ ಎರಡು ನೋಟು ಅಪಾಯದ್ದು. 20 ಸಾವಿರದ್ದೂ ನೀಲಿ, 5 ಲಕ್ಷದ್ದೂ ನೀಲಿ. ಎರಡರಲ್ಲೂ ಅವರ ರಾಷ್ಟ್ರನಾಯಕ ಹೋ ಚಿ ಮಿನ್ ಅವರ ಮುಖ. ಒಂದು ಎಪ್ಪತ್ತು ರೂಪಾಯಿ, ಇನ್ನೊಂದು 1,700. ಸೈಗಾನ್‌ನಲ್ಲಿ ಸಂಜೆ ಹೊತ್ತು ಎಳನೀರು ಕುಡಿದು ನಾನು 20 ಸಾವಿರ ಅಂತ 5 ಲಕ್ಷ ಕೊಟ್ಟು ನಡೆದಿದ್ದೆ. ಆ ಅಜ್ಜಿ ಅಂಗಡಿ ಬಿಟ್ಟು ಹಿಂದೆ ಓಡಿಬಂದು ನೋಟು ನನ್ನ ಕೈಗೆ ತುರುಕಿ, ಸರಿಯಾದ ನೋಟನ್ನು ನನ್ನ ಪರ್ಸಿನಿಂದ ಅವರೇ ತೆಗೆದುಕೊಂಡರು. ಅವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಲ್ಲರೂ ಅವರ ಹಾಗೆ ಇರುವುದಿಲ್ಲ, ಅದಕ್ಕೆ ನೋಟಿನ ಹಿಂಭಾಗ ನೋಡಿ ಕೊಡಿ. 20 ಸಾವಿರದ ಹಿಂದೆ ಹೋಯ್ ಆನ್‌ನ ಜಪಾನಿ ಸೇತುವೆ ಇದೆ, ಹೆಂಚಿನ ಚಾವಣಿ ಇರುವ ಸೇತುವೆ. 5 ಲಕ್ಷದ ಹಿಂದೆ ಒಂದು ಹುಲ್ಲಿನ ಮನೆ, ಹೋ ಚಿ ಮಿನ್ ಹುಟ್ಟಿ ಬೆಳೆದ ಹಳ್ಳಿಯದು. ಸೇತುವೆ ಸಣ್ಣ ದುಡ್ಡು, ಮನೆ ದೊಡ್ಡ ದುಡ್ಡು, ಹೀಗೆ ನೆನಪಿಟ್ಟುಕೊಳ್ಳಿ.

ಬೈಕ್ ಬಾಡಿಗೆಗೆ ತೆಗೆದುಕೊಳ್ಳುವ ಹುಡುಗರಿಗೆ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ 1949ರ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರ ಒಪ್ಪಂದದ್ದು. ಅಂಗಡಿಯವನು ಏನೂ ಕೇಳದೆ ಗಾಡಿ ಕೊಡುತ್ತಾನೆ, ಆದರೆ ಏನಾದರೂ ಆದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಲೆಕ್ಕ, ಇನ್ಶೂರೆನ್ಸ್ ಬರುವುದಿಲ್ಲ. ಊಬರ್ ಥರದ ಗ್ರ್ಯಾಬ್ ಆ್ಯಪ್ ಹಾಕಿಕೊಳ್ಳಿ, ಬೈಕಿನ ಹಿಂದೆ ಕೂತು ಹೋಗಿ, ತುಂಬಾ ಅಗ್ಗ. ಸೈಗಾನ್‌ನಲ್ಲಿ 2024ರ ಡಿಸೆಂಬರ್‌ನಿಂದ ಮೆಟ್ರೋ ಕೂಡ ಇದೆ.

ಊಟದ ವಿಷಯಕ್ಕೆ ಬರೋಣ, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಸಸ್ಯಾಹಾರಿಗಳಿಗೆ ಏನು ಸಿಗುತ್ತೆ? ಗಂಟಿನಲ್ಲಿ ಚಟ್ನಿಪುಡಿ, ಅವಲಕ್ಕಿ, ಎಂಟಿಆರ್ ಪ್ಯಾಕೆಟ್ ಕಟ್ಟಿಕೊಂಡು ಹೋಗುವವರನ್ನು ನಾನು ಬೇಡ ಅನ್ನುವುದಿಲ್ಲ, ನಾವೂ ಒಯ್ದಿದ್ದೆವು. ಆದರೆ ಅದರ ಅವಶ್ಯಕತೆ ನೀವು ಅಂದುಕೊಂಡಷ್ಟು ಇಲ್ಲ. ಅಲ್ಲಿ 'ನೋ ಮೀಟ್' ಅಂತ ಹೇಳಿದರೆ ಪ್ರಯೋಜನ ಇಲ್ಲ. ಮಾಂಸ ತೆಗೆದು ಕೊಡುತ್ತಾರೆ, ಆದರೆ ಸಾರಿನಲ್ಲಿ, ಚಟ್ನಿಯಲ್ಲಿ ನುವೊಕ್ ಮಾಮ್ ಇರುತ್ತೆ. ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಇಟ್ಟು ಇಳಿಸಿದ ರಸ ಅದು. ಅವರಿಗೆ ಅದು ಉಪ್ಪಿನ ಲೆಕ್ಕ, ಮೀನಿನ ಲೆಕ್ಕ ಅಲ್ಲ. ನೀವು ಹೇಳಬೇಕಾದದ್ದು ಒಂದೇ ಮಾತು, 'ಅನ್ ಚೈ'. ಬೋರ್ಡಿನ ಮೇಲೆ ಸಿ, ಎಚ್, ಎ, ವೈ ಅಂತ ನಾಲ್ಕಕ್ಷರ ಕಂಡರೆ ಒಳಗೆ ಹೋಗಿ. ಚೈ ಅಂದರೆ ಬೌದ್ಧರ ಸಸ್ಯಾಹಾರ. ಅಮಾವಾಸ್ಯೆ ಕಳೆದ ಮೊದಲ ದಿನ ಮತ್ತು ಹುಣ್ಣಿಮೆಯ ದಿನ ಮಾಮೂಲಿಯಾಗಿ ಮಾಂಸ ತಿನ್ನುವವರೂ ಎಷ್ಟೋ ಜನ ಚೈ ಮಾಡುತ್ತಾರೆ, ನಮ್ಮಲ್ಲಿ ಸೋಮವಾರ, ಶನಿವಾರ ಬಿಡುವ ಹಾಗೆ. ಆ ದಿನ ಚೈ ಹೋಟೆಲುಗಳಲ್ಲಿ ಕೂರಲು ಜಾಗ ಸಿಗಲ್ಲ. ಕಟ್ಟುನಿಟ್ಟಿನ ಚೈ ಅಡುಗೆಗೆ ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ನಮ್ಮ ದೊಡ್ಡಮ್ಮ ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರು, ಅವರನ್ನೂ ಕರೆದುಕೊಂಡು ಹೋಗಿದ್ದೆವು. ಹುಯೆಯಲ್ಲಿ ಒಂದು ದೇವಸ್ಥಾನದ ಪಕ್ಕದ ಚೈ ಹೋಟೆಲಿನಲ್ಲಿ ಅನ್ನ, ಬಾಳೆಹೂವಿನ ಪಲ್ಯ, ತೋಫು, ಸೊಪ್ಪಿನ ಸಾರು ಊಟ ಮಾಡಿ, ಇದು ನಮ್ಮ ಮಠದ ಊಟ ಇದ್ದ ಹಾಗೇ ಇದೆಯಲ್ಲೋ ಅಂದರು. ಮೂರು ದಿನ ಅದೇ ಹೋಟೆಲಿಗೆ ಹೋದೆವು.

ಕಾಫಿ. ಇಲ್ಲಿ ಕಾಫಿ ಬಗ್ಗೆ ಮಾತಾಡದೆ ಹೋದರೆ ನನ್ನನ್ನು ಹೊರಗೆ ಬಿಡಲಾರಿರಿ. ಬ್ರೆಜಿಲ್ ಬಿಟ್ಟರೆ ಪ್ರಪಂಚದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವುದು ವಿಯೆಟ್ನಾಂ, ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗಿಂತ ಜಾಸ್ತಿ ರೋಬಸ್ಟಾ. ಕಾಫಿ ತಂದವರು ಫ್ರೆಂಚರು, ಆದರೆ ಈ ಮಟ್ಟಕ್ಕೆ ಬೆಳೆದದ್ದು 1986ರಲ್ಲಿ ಸರ್ಕಾರ ಆರ್ಥಿಕ ನೀತಿ ಸಡಿಲಿಸಿದ ಮೇಲೆ. ಮೆಣಸಿನಲ್ಲಂತೂ ಅವರೇ ಮೊದಲು, ಬೆಳೆಯುವುದರಲ್ಲೂ, ಹೊರಗೆ ಕಳಿಸುವುದರಲ್ಲೂ. ಬುವೊನ್ ಮಾ ಥೂತ್ ಅನ್ನುವ ಊರು ಅವರ ಚಿಕ್ಕಮಗಳೂರು ಅಂದುಕೊಳ್ಳಿ. ಎರಡು ವರ್ಷಕ್ಕೊಮ್ಮೆ ಮಾರ್ಚ್‌ನಲ್ಲಿ ಅಲ್ಲಿ ಕಾಫಿ ಹಬ್ಬ ನಡೆಯುತ್ತೆ. ಪ್ಯಾಕೇಜಿನವರು ಯಾರೂ ಕರೆದುಕೊಂಡು ಹೋಗುವುದಿಲ್ಲ, ಆದರೆ ನಮ್ಮಂಥವರು ಹೋಗಬೇಕಾದ ಜಾಗ ಅದು. ನಾನು ಹೋದಾಗ ಒಂದು ತೋಟದಲ್ಲಿ ಗಿಡಗಳನ್ನು ನೋಡಿ ನಿಂತುಬಿಟ್ಟೆ. ನಮ್ಮ ಹಾಗೆ ದೊಡ್ಡ ಮರದ ನೆರಳು ಇಲ್ಲ, ಬಿಸಿಲಲ್ಲೇ ಗಿಡ, ಬುಡಕ್ಕೆ ನೀರು, ಗೊಬ್ಬರ. ಇಳುವರಿ ನಮಗಿಂತ ಎಷ್ಟೋ ಜಾಸ್ತಿ. ಆದರೆ ಕಿವಿಗೊಟ್ಟರೆ ಹಕ್ಕಿಯ ಸದ್ದೇ ಇಲ್ಲ. ಆ ತೋಟದ ಯಜಮಾನರ ಜೊತೆ ಫೋನಿನ ಅನುವಾದದಲ್ಲಿ ಒಂದು ಗಂಟೆ ಮಾತಾಡಿದೆ. ಅವರೂ ನಮ್ಮ ಥರದ ಕಷ್ಟಗಳನ್ನೇ ಹೇಳಿದರು, ಬೋರ್‌ವೆಲ್ ಆಳಕ್ಕೆ ಹೋಗುತ್ತಿದೆ, ಕೂಲಿಗೆ ಜನ ಇಲ್ಲ, ಮಗ ಸೈಗಾನ್ ಸೇರಿದ್ದಾನೆ. ರೇಟು ಬೀಳಿಸುವವರು ಅಂತ ನಾವು ಇಷ್ಟು ದಿನ ಬೈದುಕೊಂಡವರು ಇವರೇನಾ ಅನ್ನಿಸಿತು ನನಗೆ.

ಕುಡಿಯುವ ವಿಷಯ ಹೇಳಿದರೆ, ಅವರದ್ದೂ ಫಿಲ್ಟರ್ ಕಾಫಿ. ಫಿನ್ ಅಂತ ಪುಟ್ಟ ಫಿಲ್ಟರನ್ನು ಲೋಟದ ಮೇಲೇ ಇಟ್ಟು ಕೊಡುತ್ತಾರೆ, ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುವತನಕ ಕಾಯಬೇಕು. ಕೆಳಗೆ ಮಂದವಾದ ಸಿಹಿ ಡಬ್ಬಿ ಹಾಲು. ಚಿಕೋರಿ ಇಲ್ಲ. ಹನೋಯ್‌ನಲ್ಲಿ ಮೊಟ್ಟೆ ಕಾಫಿ ಬಹಳ ಹೆಸರುವಾಸಿ, ಮೊಟ್ಟೆ ತಿನ್ನದವರು ಕೇಳಿ ತೆಗೆದುಕೊಳ್ಳಿ.

ಈಗ ನನ್ನ ಮನಸ್ಸಿಗೆ ತುಂಬಾ ಹತ್ತಿರ ಇರುವ ವಿಷಯಕ್ಕೆ ಬರುತ್ತೇನೆ. ಡಾ ನಾಂಗ್‌ಗೆ ಹೋದವರು ಎಲ್ಲರೂ ಬಾ ನಾ ಬೆಟ್ಟಕ್ಕೆ ಹೋಗುತ್ತಾರೆ. ಎರಡು ದೊಡ್ಡ ಕೈಗಳು ಎತ್ತಿಹಿಡಿದ ಚಿನ್ನದ ಬಣ್ಣದ ಸೇತುವೆ, 2018ರಲ್ಲಿ ಕಟ್ಟಿದ್ದು. ಹೋಗಲಿ, ಮಕ್ಕಳಿಗೆ ಖುಷಿ. ಆದರೆ ಅದೇ ಡಾ ನಾಂಗ್‌ನಿಂದ 70 ಕಿಲೋಮೀಟರ್, ಹೋಯ್ ಆನ್‌ನಿಂದ 40 ಕಿಲೋಮೀಟರ್ ದೂರದಲ್ಲಿ ಮಿ ಸನ್ ಇದೆ. ಸುತ್ತ ಬೆಟ್ಟ, ನಡುವೆ ಕಣಿವೆ, ಕಣಿವೆಯಲ್ಲಿ ಕೆಂಪು ಇಟ್ಟಿಗೆಯ ಶಿವನ ಗುಡಿಗಳು. ಆ ಸೀಮೆ ಆಳುತ್ತಿದ್ದ ಚಾಮ್ ಜನರ ಚಂಪಾ ರಾಜ್ಯದ ರಾಜರು 4ನೇ ಶತಮಾನದಿಂದ ಸಾವಿರ ವರ್ಷ ಹತ್ತಿರ ಅಲ್ಲಿ ಗುಡಿ ಕಟ್ಟಿದರು. ಮೊದಲು ಕಟ್ಟಿಸಿದ ರಾಜನ ಹೆಸರು ಭದ್ರವರ್ಮ. ಅಲ್ಲಿ ನಿಲ್ಲಿಸಿದ ಲಿಂಗದ ಹೆಸರು ಭದ್ರೇಶ್ವರ.

ಒಂದು ಕ್ಷಣ ಇಲ್ಲಿ ನಿಲ್ಲೋಣ. ರಾಜನ ಹೆಸರಿಗೆ ಈಶ್ವರ ಸೇರಿಸಿ ಲಿಂಗಕ್ಕೆ ಇಡುವುದು. ಪಟ್ಟದಕಲ್ಲಿನಲ್ಲಿ ವಿಜಯಾದಿತ್ಯ ಕಟ್ಟಿಸಿದ್ದು ವಿಜಯೇಶ್ವರ, ಲೋಕಮಹಾದೇವಿ ಕಟ್ಟಿಸಿದ್ದು ಲೋಕೇಶ್ವರ. ಇಲ್ಲೇ ಹಳೇಬೀಡಿನಲ್ಲಿ ಹೊಯ್ಸಳೇಶ್ವರ. ಭದ್ರವರ್ಮ ಅಲ್ಲಿ ಆಳಿದ ಶತಮಾನದಲ್ಲೇ ಬನವಾಸಿಯಲ್ಲಿ ಮಯೂರವರ್ಮ ರಾಜ್ಯ ಕಟ್ಟಿದ. ಎರಡೂ ರಾಜ್ಯದವರ ಸಂಸ್ಕೃತ ಶಾಸನಗಳು ಇವೆ. ಸಮುದ್ರ ದಾಟಿ ಅಷ್ಟು ದೂರದಲ್ಲಿ ಆ ಕಲ್ಲಿನ ಮುಂದೆ ನಿಂತಾಗ ನನಗೆ ಗಂಟಲು ಕಟ್ಟಿತು.

ಅಲ್ಲಿಯ ಅತಿ ದೊಡ್ಡ ಗೋಪುರ ಈಗ ಇಲ್ಲ. 1969ರಲ್ಲಿ ಅಮೆರಿಕದ ಬಾಂಬಿಗೆ ಬಿತ್ತು. ಬಾಂಬು ಬಿದ್ದ ಗುಂಡಿಗಳು ಗುಡಿಗಳ ಮಧ್ಯೆ ಇನ್ನೂ ಹಾಗೇ ಇವೆ, ಹುಲ್ಲು ಬೆಳೆದಿದೆ. 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. 2017ರಿಂದ ಐದು ವರ್ಷ ನಮ್ಮ ಭಾರತೀಯ ಪುರಾತತ್ವ ಇಲಾಖೆಯವರು ಅಲ್ಲಿಯವರ ಜೊತೆ ಸೇರಿ ಮೂರು ಗುಂಪು ಗುಡಿಗಳನ್ನು ದುರಸ್ತಿ ಮಾಡಿದರು. ಆ ಕೆಲಸದಲ್ಲೇ 2020ರಲ್ಲಿ ಮಣ್ಣಿನಡಿ 9ನೇ ಶತಮಾನದ ಇಡಿಯಾದ ಶಿವಲಿಂಗ ಸಿಕ್ಕಿತು. ಇಟ್ಟಿಗೆಗಳ ನಡುವೆ ಗಾರೆಯೇ ಕಾಣುವುದಿಲ್ಲ, ಉಜ್ಜಿ ಕೂರಿಸಿದ ಹಾಗಿವೆ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಒಂಬತ್ತರ ಮೇಲೆ ಬಸ್ಸುಗಳು ಬರುತ್ತವೆ, ಬಿಸಿಲೂ ಏರುತ್ತೆ. ವಾಪಸ್ ಡಾ ನಾಂಗ್‌ಗೆ ಬಂದಮೇಲೆ ಚಾಮ್ ಮ್ಯೂಸಿಯಂ ನೋಡಿ, ಮಿ ಸನ್‌ನ ಎಷ್ಟೋ ವಿಗ್ರಹಗಳು ಅಲ್ಲಿವೆ. ಅರ್ಧ ದಿನ ಕೊಡಿ.

ಗೈಡುಗಳು ಹೇಳುವಾಗ ಇದೆಲ್ಲ ಮುಗಿದುಹೋದ ಕಥೆ ಅನ್ನಿಸುತ್ತೆ. ಮುಗಿದಿಲ್ಲ. ಚಾಮ್ ಜನ ಇದ್ದಾರೆ. ಕೊನೆಯ ರಾಜ್ಯ 1832ರಲ್ಲಿ ಹೋಯಿತು, ಜನ ಉಳಿದರು. ಸೈಗಾನ್‌ಗೂ ನ್ಯಾ ಚಾಂಗ್‌ಗೂ ಮಧ್ಯೆ ಫಾನ್ ರಾಂಗ್ ಅಂತ ಊರಿದೆ. ಹಳೇ ಹೆಸರು ಏನು ಗೊತ್ತಾ? ಪಾಂಡುರಂಗ. ಅದೇ ಸವೆದು ಫಾನ್ ರಾಂಗ್ ಆಗಿದೆ. ಅಲ್ಲಿಯ ಚಾಮರಲ್ಲಿ ಒಂದು ಪಂಗಡ ಇವತ್ತಿಗೂ ಹಿಂದೂಗಳು. ವರ್ಷಕ್ಕೊಮ್ಮೆ ಕಟೆ ಅನ್ನುವ ಹಬ್ಬ ಮಾಡುತ್ತಾರೆ, ನಮ್ಮ ದಸರಾ, ದೀಪಾವಳಿ ಆಸುಪಾಸಿನಲ್ಲೇ ಬರುತ್ತೆ. ದಸರಾ ರಜೆಗೆ ಹೋಯ್ ಆನ್ ಬಿಡಿ ಅಂದೆನಲ್ಲ, ಇದನ್ನು ನೋಡಬಹುದು. ಇಡೀ ವಿಯೆಟ್ನಾಂನಲ್ಲಿ ತೀರಾ ಕಡಿಮೆ ಮಳೆ ಬೀಳುವ ಸೀಮೆ ಅದು. ಬೀಳುವಷ್ಟು ಮಳೆ ಬೀಳುವುದು ಮಾತ್ರ ಆ ತಿಂಗಳುಗಳಲ್ಲೇ, ಛತ್ರಿ ಇರಲಿ.

ನಾನು ಮೂರನೇ ಸಲ ಹೋದದ್ದು ಅಲ್ಲಿಗೆ. ಸೈಗಾನ್‌ನಿಂದ ರೈಲಿನಲ್ಲಿ ಹೋದರೆ ಇಳಿಯುವ ಸ್ಟೇಷನ್ನಿನ ಹೆಸರೇ ಥಾಪ್ ಚಾಮ್, ಅಂದರೆ ಚಾಮರ ಗೋಪುರ. ಹತ್ತಿರದ ಗುಡ್ಡದ ಮೇಲೆ ಪೊ ಕ್ಲಾಂಗ್ ಗರಾಯ್ ಗುಡಿ. ಬಾಗಿಲ ಮೇಲೆ ಕುಣಿಯುವ ಶಿವ, ಒಳಗೆ ಮುಖ ಕೆತ್ತಿದ ಲಿಂಗ. ಒಳಗೆ ಕಾಲಿಟ್ಟ ತಕ್ಷಣ ಮೊಗಸಾಲೆಯಲ್ಲಿ ನಂದಿ. ಬೆಳೆ ಚೆನ್ನಾಗಿ ಬರಲಿ ಅಂತ ಬೇಸಾಯದವರು ಮೊದಲಿಂದಲೂ ಹರಕೆ ಒಪ್ಪಿಸುವುದು ಆ ನಂದಿಗೇ. ನಾವು ಹೋದ ದಿನ ಅದರ ಬಾಯಿ ಮುಂದೆ ಯಾರೋ ಒಂದು ಹಿಡಿ ಹಸಿ ಹುಲ್ಲು ಇಟ್ಟು ಹೋಗಿದ್ದರು.